ಒತ್ತಕ್ಷರ ಚಿಕಿತ್ಸಾ ಮೀಮಾಂಸೆ: ಸಿಂಧನೂರು, ಲಿಂಗಸುಗೂರು, ಮಸ್ಕಿಗಳನ್ನು ಆಧರಿಸಿದ ಒಂದು ಸಂಶೋಧನೆ

ಲಿಪಿದೋಷಶಾಸ್ತ್ರಕ್ಕೆ ವಿಶ್ವವಿದ್ಯಾಲಯಗಳ ಮಾನ್ಯತೆ ಇನ್ನೂ ಸಿಕ್ಕಿಲ್ಲ. ಆದರೆ ಅದರ ಪ್ರಯೋಗಶಾಲೆಗಳು ತಾಲ್ಲೂಕು ಕಚೇರಿಗಳ ಎದುರು ಡಿಟಿಪಿ ಸೆಂಟರ್ ಎಂಬ ಫಲಕ ಹೊತ್ತು ಎಂದಿನಿಂದಲೋ ನಡೆದಿವೆ. ಪೆನ್‌ಡ್ರೈವ್ ಹಿಡಿದು ಬಂದವರು ಹೇಳುವ ರೋಗಲಕ್ಷಣ ಒಂದೇ: ‘ಅಕ್ಷರ ಒಡದಾವ್ರಿ.’ ಚಿಕಿತ್ಸಕರಲ್ಲಿ ಮಾತ್ರ ಎರಡು ಪಂಥಗಳಿವೆ. ಮರುಚಾಲನಾವಾದಿಗಳು ಗಣಕವನ್ನು ಆರಿಸಿ ಮತ್ತೆ ಹಚ್ಚುತ್ತಾರೆ. ಸರ್ವಫಾಂಟವಾದಿಗಳು ಸಿಕ್ಕ ಫಾಂಟುಗಳನ್ನೆಲ್ಲ ಒಂದೇ ಏಟಿಗೆ ತುರುಕುತ್ತಾರೆ. ಇಬ್ಬರ ಕೈಯಲ್ಲೂ ಕೆಲವು ರೋಗಿಗಳು ಗುಣವಾಗುವುದರಿಂದ ವಾದ ಇನ್ನೂ ತೀರ್ಮಾನವಾಗಿಲ್ಲ.

ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟು: ‘ಒಡೆಯುವುದು’ ಒಂದು ರೋಗವಲ್ಲ, ಮೂರು. ಸಂಕೇತದೋಷ, ಸಂಯೋಗದೋಷ, ಬಿಂಬದೋಷ. ಮೂರಕ್ಕೂ ಒಂದೊಂದು ಪರೀಕ್ಷಾಪದವನ್ನು ರಾಯಚೂರು ಜಿಲ್ಲೆ ತನ್ನ ಊರುಗಳ ಹೆಸರಿನಲ್ಲೇ ಅಡಗಿಸಿಟ್ಟಿರುವುದು ಶಾಸ್ತ್ರಕಾರರ ಪುಣ್ಯ.

ಮೊದಲು ಪೂರ್ವಪಕ್ಷ. ಕಲ್ಲಿನ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ ಎಂದು ಕೆಲವರು ವಾದಿಸುತ್ತಾರೆ, ಸಾಕ್ಷಿಗೆ ಮಸ್ಕಿಯ ಬಂಡೆಯನ್ನು ತೋರಿಸುತ್ತಾರೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಂಡ ಆ ಬ್ರಾಹ್ಮಿ ಶಾಸನದಲ್ಲಿ ‘ದೇವಾನಾಂಪ್ರಿಯ’ನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು, ಎರಡು ಸಾವಿರ ವರ್ಷ ಬಿಸಿಲು ಮಳೆ ತಿಂದರೂ ಓದಲು ಬಂತು. ಒಪ್ಪತಕ್ಕ ಮಾತೇ. ಆದರೆ ಇದೇ ಅಶೋಕನ ಶಾಸನಗಳನ್ನು ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಬರೆದ ಚಪಡನೆಂಬ ಲಿಪಿಕಾರ, ಇಡೀ ಪಠ್ಯವನ್ನು ಬ್ರಾಹ್ಮಿಯಲ್ಲಿ ಬರೆದು, ತನ್ನ ವೃತ್ತಿಯ ಹೆಸರೊಂದನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೆತ್ತಿಬಿಟ್ಟ. ಕರ್ನೂಲು ಸೀಮೆಯ ಎರ್ರಗುಡಿಯಲ್ಲಂತೂ ಕೆಲವು ಸಾಲು ಎಡದಿಂದ, ಕೆಲವು ಬಲದಿಂದ. ಒಂದೇ ದಾಖಲೆಯಲ್ಲಿ ಎರಡು ಫಾಂಟು, ಎರಡು ದಿಕ್ಕು! ಈಗಿನ ಯಾವ ಡಿಟಿಪಿ ಆಪರೇಟರೂ ಇಷ್ಟು ಧೈರ್ಯ ಮಾಡಿಲ್ಲ. ಪೂರ್ವಪಕ್ಷ ಬಿತ್ತು.

ಇನ್ನು ಲಿಂಗಸುಗೂರು, ಅಂದರೆ ಸಂಕೇತದೋಷ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳ ಕಾಲದಲ್ಲಿ ಒಂದು ಫಾಂಟಿಗೆ ಸಿಗುತ್ತಿದ್ದದ್ದು ಹೆಚ್ಚೆಂದರೆ 256 ಮನೆ, ಅವೂ ರೋಮನ್ ಅಕ್ಷರಗಳಿಗೆಂದು ಕಟ್ಟಿದವು. ಕನ್ನಡದ ಗುಣಿತ, ಒತ್ತು ಎಲ್ಲ ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಅಕ್ಷರಗಳನ್ನು ತುಂಡು ಮಾಡಿ, ತುಂಡುಗಳನ್ನು ಪರರ ಮನೆಗಳಲ್ಲಿ ಬಾಡಿಗೆಗೆ ಇಟ್ಟರು. ಆ ಫಾಂಟು ಇಲ್ಲದ ಗಣಕದಲ್ಲಿ ಕಡತ ತೆರೆದರೆ ನಿಜವಾದ ಮನೆಯವರು ಬಾಗಿಲಿಗೆ ಬರುತ್ತಾರೆ. ಲಿಂಗಸುಗೂರಿನ ‘ಲಿ’ ಇದ್ದ ಜಾಗದಲ್ಲಿ ಉಷ್ಣಾಂಶ ಬರೆಯುವಾಗ ಹಾಕುವ ಡಿಗ್ರಿ ಚಿಹ್ನೆ ಕಾಣುತ್ತದೆ. ರಾಯಚೂರು ಜಿಲ್ಲೆಯ ಮೇ ತಿಂಗಳನ್ನು ಬಲ್ಲವರು ಇದನ್ನು ದೋಷ ಎನ್ನಲು ಹಿಂಜರಿಯಬಹುದು. ಸಿಂಧನೂರು ತಲೆಮಟ್ಟಕ್ಕೇರಿದ ಪುಟ್ಟ 1ರಿಂದ ಶುರುವಾಗಿ, ‘ನೂ’ ಬರುವಲ್ಲಿ ಬ್ರಿಟಿಷ್ ಪೌಂಡಿನ ಗುರುತು ತೋರಿಸುತ್ತದೆ. ತುಂಗಭದ್ರಾ ಎಡದಂಡೆಯ ಭತ್ತಕ್ಕೆ ಆ ದರ ಇನ್ನೂ ಸಿಕ್ಕಿಲ್ಲ.

ಇಲ್ಲಿ ಅಕ್ಷರ ಒಡೆದಿಲ್ಲ, ಮೊದಲಿನಿಂದಲೂ ತುಂಡಾಗಿಯೇ ಇತ್ತು ಎಂಬುದು ಸಿದ್ಧಾಂತ. ಮರುಚಾಲನೆಯಿಂದ ಉಪಯೋಗವಿಲ್ಲ. ಆ ಫಾಂಟನ್ನೇ ಹಾಕಿದರೆ ಆ ಒಂದು ಗಣಕದಲ್ಲಿ ಮಾತ್ರ ವಾಸಿ. ಶಾಶ್ವತ ಮದ್ದು ಪರಿವರ್ತಕ ತಂತ್ರಾಂಶ: ಪಠ್ಯವನ್ನು ಯೂನಿಕೋಡಿಗೆ ತರುವುದು. ಅಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ವಂತ ಮನೆಯಿದೆ. ಮಸ್ಕಿಯ ಬ್ರಾಹ್ಮಿಗೆ ಅದು ದಕ್ಕಿದ್ದು 2010ರಲ್ಲಿ. ಮನೆ ದಕ್ಕಿದರೂ ಫಾಂಟು ಇಲ್ಲದ ಗಣಕದಲ್ಲಿ ಅಶೋಕ ಚಕ್ರವರ್ತಿ ಇವತ್ತಿಗೂ ಡಬ್ಬಿ ಡಬ್ಬಿಯಾಗಿಯೇ ದರ್ಶನ ಕೊಡುತ್ತಾನೆ.

ಯೂನಿಕೋಡ್ ಬಂತೆಂದರೆ ಎಲ್ಲ ಮುಗಿಯಿತೆ? ಮಸ್ಕಿ, ಅಂದರೆ ಸಂಯೋಗದೋಷ, ಇಲ್ಲ ಎನ್ನುತ್ತದೆ. ಆ ಹೆಸರು ಗಣಕದ ಹೊಟ್ಟೆಯಲ್ಲಿ ಮ, ಸ, ವಿರಾಮ, ಕ, ಇಕಾರ ಎಂಬ ಕ್ರಮದಲ್ಲಿರುತ್ತದೆ. ಪರದೆಗೆ ಬರುವಾಗ ಇಕಾರ ಹಿಂದೆ ಜಿಗಿದು ‘ಸ’ದ ತಲೆ ಏರಬೇಕು, ‘ಕ’ ಒತ್ತಾಗಿ ಕೆಳಗಿಳಿಯಬೇಕು. ಈ ಪಂಕ್ತಿ ಬಡಿಸುವ ಯಂತ್ರ ವಿಂಡೋಸ್ ಎಕ್ಸ್‌ಪಿಯಲ್ಲಿ ಇತ್ತು, ‘ತುಂಗಾ’ ಎಂಬ ಕನ್ನಡ ಫಾಂಟೂ ಅದರ ಜೊತೆ ಬಂತು. ಆದರೆ ಕಂಟ್ರೋಲ್ ಪ್ಯಾನೆಲಿನ ಮೂಲೆಯಲ್ಲಿ ‘ಸಂಕೀರ್ಣ ಲಿಪಿ ಮತ್ತು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳು’ ಎಂಬ ಅರ್ಥದ ಚೌಕಕ್ಕೆ ಟಿಕ್ ಹಾಕಿ, ಸಿಡಿ ತುರುಕದೆ ಅದು ಏಳುತ್ತಿರಲಿಲ್ಲ. ಚಪಡನ ಎರಡೂ ಲಿಪಿಗಳಿಗೆ ಒಂದೇ ಟಿಕ್ ಸಾಕಾಗುತ್ತಿತ್ತೆಂಬುದು ಸಂಶೋಧಕರ ಗಮನಕ್ಕೆ. ಈಗ ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆ ಆಫೀಸುಗಳಲ್ಲಿ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ ಈ ಕೆಲಸ ನೋಡಿಕೊಳ್ಳುತ್ತದೆ. ಪೇಜ್‌ಮೇಕರಿಗೆ ಮಾತ್ರ ಈ ವಿದ್ಯೆ ಒಲಿಯಲೇ ಇಲ್ಲ; ಮದುವೆ ಪತ್ರಿಕೆಗಳ ಲೋಕ ಹಳೆಯ ಫಾಂಟನ್ನು ಬಿಡದಿರಲು ಇದೊಂದು ದೊಡ್ಡ ಕಾರಣ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಾದರೆ ಸೆಟ್ಟಿಂಗಿನಲ್ಲಿ ದಕ್ಷಿಣ ಏಷ್ಯಾದ ಪಠ್ಯ ಎಂಜಿನ್ ಆರಿಸಿದರೆ ಒತ್ತು ತನ್ನ ಜಾಗಕ್ಕೆ ಹೋಗುತ್ತದೆ. ಎಕ್ಸೆಲ್ ಸಾಲಿನ ಎತ್ತರ ಸಾಲದೆ ಒತ್ತು ಕತ್ತರಿಸಿ ಹೋದರೆ ಮಸ್ಕಿ ತಾಲ್ಲೂಕು ಮಸಿ ತಾಲ್ಲೂಕಾಗುವುದು ಬೇರೆ ವಿಷಯ. ಅದಕ್ಕೆ ಸಾಲು ಎತ್ತರಿಸಿದರಾಯಿತು, ತಜ್ಞರು ಬೇಕಿಲ್ಲ.

ಕೊನೆಯದು ಬಿಂಬದೋಷ, ಎಲ್ಲಕ್ಕಿಂತ ಕಪಟಿ, ಏಕೆಂದರೆ ಅಕ್ಷರ ಒಡೆದಂತೆ ಕಾಣುವುದೇ ಇಲ್ಲ. ಸಿಂಧನೂರಿನ ‘ಧ’ಕ್ಕೂ ‘ದ’ಕ್ಕೂ ಇರುವ ಅಂತರ ಬುಡದ ಒಂದು ಸೀಳು. ಹಳೆಯ ನುಡಿ ಸಂಕೇತದಲ್ಲಿ ಆ ಸೀಳು ಸ್ವತಂತ್ರ ತುಂಡು, ತನ್ನದೇ ಬಾಡಿಗೆ ಮನೆ ಇದ್ದ ಗೌರವಸ್ಥ. ಪರದೆಯಲ್ಲಿ ಅದರ ಗತಿ ನೋಡಿ: ಇಂಚಿಗೆ 96 ಪಿಕ್ಸೆಲಿನ ಲೆಕ್ಕದಲ್ಲಿ 9 ಪಾಯಿಂಟಿನ ಅಕ್ಷರಕ್ಕೆ ಒಟ್ಟು 12 ಪಿಕ್ಸೆಲ್ ಎತ್ತರ. ತಲೆಕಟ್ಟು, ಒಡಲು, ಒತ್ತು ಮೂರೂ ಅಷ್ಟರಲ್ಲೇ ಸಂಸಾರ ಮಾಡಬೇಕು. ಸೀಳಿಗೆ ಒಂದು ಪಿಕ್ಸೆಲ್ ಉಳಿದರೆ ಹೆಚ್ಚು. ಮಾನಿಟರ್ ತನ್ನ ಸಹಜ ರೆಸಲ್ಯೂಷನ್ನಿನಲ್ಲಿ ಇಲ್ಲದಿದ್ದರೆ ಅದೂ ಮಸುಕಾಗಿ, ಸಿಂಧನೂರು ಸದ್ದಿಲ್ಲದೆ ಸಿಂದನೂರಾಗುತ್ತದೆ. ಅರ್ಜಿದಾರರ ಊರು ಹೀಗೆ ಅಲ್ಪಪ್ರಾಣವಾದದ್ದಕ್ಕೆ ಗುಮಾಸ್ತರನ್ನು ಬೈದರೆ ಪ್ರಯೋಜನವಿಲ್ಲ.

ಚಿಕಿತ್ಸೆ ಸುಲಭ. ರೆಸಲ್ಯೂಷನ್ನನ್ನು ಮಾನಿಟರಿನ ಮೂಲ ಅಳತೆಗೆ ತರಬೇಕು. ಅಕ್ಷರ ಸಣ್ಣದೆನಿಸಿದರೆ ರೆಸಲ್ಯೂಷನ್ ಇಳಿಸದೆ ಸ್ಕೇಲಿಂಗನ್ನು ಶೇಕಡ 125ಕ್ಕೆ ಏರಿಸಬೇಕು. ವಿಂಡೋಸಿನಲ್ಲಿ ಕ್ಲಿಯರ್‌ಟೈಪ್ ಹೊಂದಿಸಬೇಕು. ಅದು ಪ್ರತಿ ಪಿಕ್ಸೆಲಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆಬೇರೆಯಾಗಿ ಬಳಸಿ ಅಡ್ಡಳತೆಯ ನಿಖರತೆ ಹೆಚ್ಚಿಸುತ್ತದೆ. ಎಕ್ಸ್‌ಪಿಯಲ್ಲಿ ಇದ್ದರೂ ಅದನ್ನು ಬಂದ್ ಮಾಡಿಯೇ ಕೊಟ್ಟಿದ್ದರು. ಲಿನಕ್ಸಿನಲ್ಲಿ ಹಿಂಟಿಂಗನ್ನು ಲಘುವಾಗಿಟ್ಟು, ಲೋಹಿತ್ ಅಥವಾ ನೋಟೋ ಕನ್ನಡ ಫಾಂಟು ಹಾಕಿದರೆ ಕನ್ನಡದ ದುಂಡು ದುಂಡಾಗಿಯೇ ಉಳಿಯುತ್ತದೆ.

ಅರ್ಜಿ, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ಹಿಡಿದು ಮುದ್ರಣಕ್ಕೆ ಹೋಗುವವರು ಫಾಂಟು ಒಳಸೇರಿಸಿದ ಪಿಡಿಎಫ್ ಒಯ್ಯಿರಿ, ಮೂಲ ಕಡತ ಮನೆಯಲ್ಲಿರಲಿ. ಕಾಪಿ ತೆಗೆಸುವ ಮುನ್ನ ಊರಿನ ಹೆಸರನ್ನು ಒಮ್ಮೆ ದೊಡ್ಡದು ಮಾಡಿ ನೋಡಿ, ಸಿಂಧನೂರಿನವರು ತುಸು ಹೆಚ್ಚೇ ದೊಡ್ಡದು ಮಾಡಿ.