ಟೆಸ್ಟರ್ ರಾಯರು

ನಮ್ಮ ಬೀದಿಯಲ್ಲಿ ಯಾರ ಮನೆಯ ಮಿಕ್ಸಿ ಕೆಮ್ಮಿದರೂ ಮೊದಲು ಬರುವವರು ರಾಯರು. ಕರೆಯಬೇಕಿಲ್ಲ, ಸದ್ದು ಸಾಕು. ಅವರು ನಿವೃತ್ತರಾಗಿ ಹತ್ತು ವರ್ಷವಾಯಿತು. ಜೇಬಿನ ಟೆಸ್ಟರ್ ಮಾತ್ರ ಇನ್ನೂ ಡ್ಯೂಟಿಯಲ್ಲಿದೆ. ಇಸ್ತ್ರಿಪೆಟ್ಟಿಗೆ, ಗೀಸರ್, ಗೋಡೆ ಗಡಿಯಾರ ಯಾವುದನ್ನೂ ಬಿಚ್ಚದೆ ಬಿಟ್ಟವರಲ್ಲ. ಜೋಡಿಸಿದ ಮೇಲೆ ಮಿಕ್ಕ ಸ್ಕ್ರೂಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಡುತ್ತಾರೆ. ಈಗ ಎರಡನೇ ಬಾಟಲಿ ನಡೆಯುತ್ತಿದೆ.

ಮೊನ್ನೆ ನಮ್ಮ ಮೈಕ್ರೋವೇವ್ ಒಳಗೆ ಚಟಚಟ ಕಿಡಿ ಹಾರಿತು. ರಾಯರು ಬಂದವರೇ ಪ್ಲಗ್ ಕಿತ್ತರು.

"ಸ್ಟೀಲ್ ಲೋಟ ಇಟ್ಟಿದ್ರಾ?"

ಹೊಟ್ಟೆನೋವೆಂದು ಹೋದರೆ ಡಾಕ್ಟರು "ಹೊರಗೆ ತಿಂದ್ರಾ?" ಅನ್ನುತ್ತಾರಲ್ಲ, ಅದೇ ದನಿ.

"ಇಲ್ಲ."

"ಚಿನ್ನದಂಚಿನ ಕಪ್ಪು?"

ನನ್ನಾಕೆ ನನ್ನ ಮುಖ ನೋಡಿದಳು. ಅವಳ ಸೀರೆಗೇ ಇಲ್ಲದ ಚಿನ್ನದಂಚು ಕಪ್ಪಿಗೆಲ್ಲಿಂದ ಬರಬೇಕು?

ಬಾಗಿಲು ತೆರೆದು ಟಾರ್ಚ್ ಬಿಡುತ್ತಲೇ ಇತಿಹಾಸವೂ ಶುರುವಾಯಿತು. 1945ರ ಸುಮಾರಿಗೆ ಅಮೆರಿಕದ ಪರ್ಸಿ ಸ್ಪೆನ್ಸರ್ ರೇಡಾರಿನ ಮ್ಯಾಗ್ನೆಟ್ರಾನ್ ಹತ್ತಿರ ನಿಂತಿದ್ದಾಗ ಜೇಬಿನ ಚಾಕೊಲೇಟು ಕರಗಿತಂತೆ, ಅಲ್ಲಿಂದ ಹುಟ್ಟಿದ್ದು ಈ ಪೆಟ್ಟಿಗೆ. ಹೇಳುತ್ತಾ ರಾಯರು ತಮ್ಮ ಜೇಬನ್ನೊಮ್ಮೆ ಮುಟ್ಟಿಕೊಂಡರು.

"ನೋಡಿ, ಬಲಗಡೆ ಗೋಡೆಯ ರಟ್ಟಿನಂಥ ತುಂಡು, ಮೈಕಾ. ಕಾಗೆಬಂಗಾರ ಅನ್ನೋದು ಇದನ್ನೇ. ನಿಮ್ಮ ಸಾರಿನ ಜಿಡ್ಡು ಹಾರಿ ಸುಟ್ಟು ಕರಿಯಾಗಿದೆ. ಕಿಡಿ ಅಲ್ಲೇ."

ನಾನು ಉತ್ಸಾಹದಿಂದ ಸ್ಕ್ರೂಡ್ರೈವರ್ ಚಾಚಿದೆ. "ಹಾಗಾದ್ರೆ ಹೊರಗಿನ ಕವಚ ಬಿಚ್ಚಿಬಿಡೋಣ."

ರಾಯರು ಎರಡು ಹೆಜ್ಜೆ ಹಿಂದೆ ಸರಿದರು. ಅವರು ಸ್ಕ್ರೂಡ್ರೈವರಿಗೆ ಬೆನ್ನು ತೋರಿಸಿದ್ದನ್ನು ಬೀದಿಯೇ ಕಂಡಿರಲಿಲ್ಲ.

"ಪ್ಲಗ್ ಕಿತ್ತಿದ್ದೀವಲ್ಲ?"

"ಕಿತ್ತಿದ್ದೀವಿ ಅಂತ ಕೆಪಾಸಿಟರಿಗೆ ಹೇಳಿದೋರು ಯಾರು? ಕರೆಂಟು ಹೋದ ಮೇಲೂ ಒಳಗೆ 2000 ವೋಲ್ಟ್ ಹಿಡ್ಕೊಂಡು ಕೂತಿರಬಹುದು. ಈ ಟೆಸ್ಟರ್ ಮೇಲೆ ಬರೆದಿರೋದೇ 500."

ಹಳೆಯ ಟಿವಿ ಬಿಚ್ಚಿದಾಗ ರಾಯರು ಗೋಡೆಗೆ ಒರಗಿ ಅರ್ಧ ಗಂಟೆ ಮಾತಿಲ್ಲದೆ ಕೂತಿದ್ದರೆಂದು ಅವರ ಮನೆಯವರೊಮ್ಮೆ ಹೇಳಿದ್ದರು. ಅವರು ಮಾತಿಲ್ಲದೆ ಕೂತದ್ದು ಅದೊಂದೇ ಸಲವಂತೆ.

ಮರುದಿನ ಮೆಕ್ಯಾನಿಕ್ ಬಂದು ಮೈಕಾ ಬದಲಿಸಿದ. ರಾಯರ ಮೇಲ್ವಿಚಾರಣೆಯಲ್ಲಿ ಗಾಜಿನ ಲೋಟದಲ್ಲಿ ನೀರಿಟ್ಟು ಒಂದು ನಿಮಿಷ ಓಡಿಸಿದೆವು. ಕಿಡಿಯಿಲ್ಲ, ನೀರು ಬಿಸಿ. "ಬಿಸಿ ಆಗದಿದ್ರೂ ನೀವು ಒಳಗೆ ಕೈ ಹಾಕಬೇಡಿ, ಇವನನ್ನೇ ಕರೀರಿ" ಎಂದರು.

ಅಷ್ಟರಲ್ಲಿ ಅವರ ಕಾಫಿ ಆರಿತ್ತು. ನನ್ನಾಕೆ ಕಪ್ಪನ್ನು ಒಳಗಿಡಲು ಹೋದಳು.

"ಗ್ಯಾಸ್ ಮೇಲೇ ಇಡಮ್ಮ" ಎಂದರು ರಾಯರು.

ಅವರ ಮನೆಯಲ್ಲಿ ಮೈಕ್ರೋವೇವ್ ಇಲ್ಲ.