ಪೈಪ್ ರಾಯರು

ನಮ್ಮ ಅಕೌಂಟ್ಸ್ ವಿಭಾಗದಲ್ಲಿ ಯಾರೇ ಎಕ್ಸೆಲ್ ಶೀಟನ್ನು ಟೆಕ್ಸ್ಟ್ ಫೈಲ್ ಮಾಡಬೇಕಾದರೂ ಮೊದಲು ರಾಯರ ಮೇಜಿನ ಮುಂದೆ ನಿಲ್ಲಬೇಕು. 'ಸೇವ್ ಆ್ಯಸ್' ಒತ್ತಿದರೆ ಮುಗಿಯುವ ಕೆಲಸಕ್ಕೆ ಅವರು ಜಾತಕ ಕೇಳುತ್ತಾರೆ.

"ಡೇಟಾದಲ್ಲಿ ವಿಳಾಸ ಇದೆಯೇನ್ರೀ?"

ಇದೆ ಅಂದಿರೋ, ಕನ್ನಡಕ ಹಣೆಗೇರುತ್ತದೆ. "ಹಾಗಾದರೆ ಕಾಮಾ ಸುದ್ದಿ ಎತ್ತಬೇಡಿ."

ಇಡೀ ಆಫೀಸಿನಲ್ಲಿ ಕಾಮಾ ಗೆದ್ದ ಗೃಹಸ್ಥರು ಇವರೊಬ್ಬರೇ ಎಂದು ನಾವು ಬೆನ್ನ ಹಿಂದೆ ನಗುವುದುಂಟು. ಆದರೆ ಅವರ ವಾದ ಹಗುರವಾದದ್ದಲ್ಲ. ನಂ. 12, 3ನೇ ಅಡ್ಡರಸ್ತೆ, 2ನೇ ಹಂತ, ಗಣಪತಿ ದೇವಸ್ಥಾನದ ಹಿಂದೆ. ಒಂದು ಮನೆ ಮುಟ್ಟಲು ಮೂರು ಕಾಮಾ ದಾಟಬೇಕು. ಒಂದು ಲಕ್ಷ ಬರೆಯಲು ಅಮೆರಿಕದವನಿಗೆ ಒಂದು ಕಾಮಾ ಸಾಕು. ನಮಗೆ ಎರಡು ಬೇಕು. "ಇಷ್ಟು ಕಾಮಾ ಇರೋ ದೇಶದಲ್ಲಿ ಕಾಲಂ ಬೇರೆ ಮಾಡೋಕೂ ಕಾಮಾನೇ ಬೇಕಾ?"

ಹೊಸದಾಗಿ ಸೇರಿದ ಹುಡುಗನೊಬ್ಬ ಬಾಯಿ ಹಾಕಿದ. ಕಾಮಾ ಇರುವ ಮಾತನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಟ್ಟರಾಯಿತು ಸರ್, 2005ರ ಆರ್‌ಎಫ್‌ಸಿ 4180ರಲ್ಲೇ ಹಾಗಿದೆ ಎಂದ. ರಾಯರು ಸ್ಟೋರ್ಸ್ ಪಟ್ಟಿ ತೆಗೆದು 3/4" ಪೈಪ್ ಎಂಬ ಸಾಲಿನ ಮೇಲೆ ಬೆರಳಿಟ್ಟರು. "ಈ ಇಂಚಿನ ಗುರುತನ್ನ ಎಲ್ಲಿ ಇಡ್ತೀಯಪ್ಪಾ?" ಅದನ್ನು ಎರಡು ಸಲ ಬರೆದರೆ ಸರಿಹೋಗುತ್ತದೆ ಅನ್ನುವುದು ಹುಡುಗನಿಗೆ ಗೊತ್ತಿತ್ತು. ಆದರೆ ಆಚೆ ಕಡೆಯ ಸಾಫ್ಟ್‌ವೇರ್‌ಗೂ ಗೊತ್ತಿದೆ ಅಂತ ಬರೆದುಕೊಡು ಎಂದಾಗ ಅವನು ಕಾಫಿಗೆ ಎದ್ದು ಹೋದ.

ಟ್ಯಾಬ್ ಅವರಿಗೆ ಆಗದು. ಕಣ್ಣಿಗೆ ಕಾಣದ್ದನ್ನು ನಂಬುವುದು ದೇವರಲ್ಲಿಗೇ ಮುಗಿಯಿತಂತೆ. ಸೆಮಿಕೋಲನ್ ಜರ್ಮನಿಯವರಿಗೆ ಇರಲಿ. ಅವರು ದಶಾಂಶಕ್ಕೇ ಕಾಮಾ ಹಾಕುವ ಜನ, ಅಲ್ಲಿಯ ಎಕ್ಸೆಲ್‌ಗೆ ಬೇರೆ ದಾರಿಯಿಲ್ಲ. ಪ್ರತಿ ತಿಂಗಳು 15ನೇ ತಾರೀಕಿನೊಳಗೆ ಹೋಗಬೇಕಾದ ಪಿಎಫ್ ಫೈಲಿನ ಮೇಲೆ ಮಾತ್ರ ಅವರಿಗೆ ವಿಶೇಷ ಭಕ್ತಿ. ಅದರಲ್ಲಿ ಕಾಲಂಗೂ ಕಾಲಂಗೂ ನಡುವೆ #~# ಇರುತ್ತದೆ. "ನೋಡ್ರೀ, ಯಾವ ತಾಯಿ ಮಗನಿಗೂ ಈ ಹೆಸರಿಡಲ್ಲ. ಇದನ್ನ ಆರಿಸಿದವನು ಜನ ಕಂಡವನು."

ತಮ್ಮ ಸ್ವಂತ ಕೆಲಸಕ್ಕೆ ಅವರು ಆರಿಸಿಕೊಂಡದ್ದು ಪೈಪ್, ಆ ನೆಟ್ಟಗಿನ ಗೀಟು. ಕೀಬೋರ್ಡಿನ ಮೂಲೆಯಲ್ಲಿ ಕೂತಿದೆ, ಯಾರೂ ಮುಟ್ಟುವುದಿಲ್ಲ, ಗೋಡೆಯ ಹಾಗೆ ನಿಲ್ಲುತ್ತದೆ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಸಾಲೂ ಅತ್ತಿತ್ತ ಸರಿದಿಲ್ಲ ಎಂಬುದು ಅವರ ಹೆಮ್ಮೆ.

ಹೋದ ಮಾಘದಲ್ಲಿ ಮಗಳ ಮದುವೆ. ಆಹ್ವಾನಿತರ ಪಟ್ಟಿಯನ್ನು ಭಾವಮೈದ ಟೈಪ್ ಮಾಡಿದರು. ರಾಯರು ತಾವೇ ಕೂತು, ಪೈಪ್ ಹಾಕಿ, ಲೇಬಲ್ ಹೊಡೆಯುವವನಿಗೆ ಕಳಿಸಿದರು. ನಾಲ್ಕು ಕಾಲಂ: ಹೆಸರು, ವಿಳಾಸ, ಊರು, ಪಿನ್‌ಕೋಡ್. ತೆರೆದು ನೋಡುವ ಅಗತ್ಯ ಅವರಿಗೆ ಕಾಣಲಿಲ್ಲ. ಪೈಪ್ ಅಲ್ಲವೇ?

ಭಾವಮೈದ ಸಂಪ್ರದಾಯಸ್ಥರು. ಒಬ್ಬರ ಹೆಸರನ್ನೂ ಬರಿದಾಗಿ ಬಿಟ್ಟಿರಲಿಲ್ಲ. ಎಲ್ಲರಿಗೂ ಶ್ರೀ||, ಹುಡುಗರಿಗೆ ಚಿ||.

ಲೇಬಲ್ ಬಂದಾಗ ನಾನೂ ಅವರ ಮನೆಯಲ್ಲಿದ್ದೆ. ಹೆಸರಿನ ಜಾಗದಲ್ಲಿ ಬರೀ 'ಶ್ರೀ', ವಿಳಾಸ ಖಾಲಿ, ಊರಿನ ಜಾಗದಲ್ಲಿ ರಂಗಪ್ಪನವರು, ಪಿನ್‌ಕೋಡ್ ಜಾಗದಲ್ಲಿ ಅವರ ಅಡ್ಡರಸ್ತೆ. ಮುನ್ನೂರು ಲೇಬಲ್ಲೂ ಹೀಗೇ. ಮದುವೆ ಮಾಡಿಸಬೇಕಾದ ವೇ|| ಮೂ|| ಭಟ್ಟರಂತೂ ಐದನೇ ಕಾಲಂಗೆ ಸರಿದು ಲೇಬಲ್ಲಿನಿಂದಲೇ ಆಚೆ ಬಿದ್ದಿದ್ದರು.

ರಾಯರು ಮಾತಾಡಲಿಲ್ಲ. ರಾತ್ರಿಯೆಲ್ಲ ಕೂತು ಮುನ್ನೂರು ಲಕೋಟೆಗೂ ಕೈಯಲ್ಲೇ ವಿಳಾಸ ಬರೆದರಂತೆ. ಅಲ್ಲೂ ಎರಡು ಗೀಟು ಎಳೆಯದೆ 'ಶ್ರೀ.' ಎಂದು ಚುಕ್ಕಿ ಇಟ್ಟಿದ್ದಕ್ಕೆ ಭಾವಮೈದ ಮುನಿಸಿಕೊಂಡರು, ಅದು ಬೇರೆ ಕಥೆ.

ರಜೆ ಮುಗಿಸಿ ಬಂದ ದಿನವೇ ಆ ಹೊಸ ಹುಡುಗ ಮೇಜಿನ ಮುಂದೆ ನಿಂತ. ಸರ್, ವೆಂಡರ್ ಪಟ್ಟಿ ಕಳಿಸಬೇಕು, ಏನು ಹಾಕಲಿ?

ರಾಯರು ಬಹಳ ಹೊತ್ತು ಸ್ಕ್ರೀನ್ ನೋಡಿದರು. ಕನ್ನಡಕ ಹಣೆಗೇರಿತು.

"ಡೇಟಾದಲ್ಲಿ ಪುರೋಹಿತರು ಇದ್ದಾರೇನ್ರೀ?"