ಹಸಿಸೂಪ್ ಮೀಮಾಂಸೆ

ಒಲೆ ಹಚ್ಚದೆ ಮಾಡಿದ್ದು ಅಡುಗೆಯೇ ಎಂಬ ಸಂಶಯದಿಂದ ಈ ಶಾಸ್ತ್ರ ಹೊರಡುತ್ತದೆ. ಅಲ್ಲ, ಅದು ತರಕಾರಿಗೆ ಬಂದ ಅಪಮೃತ್ಯು ಎಂಬುದು ಪೂರ್ವಪಕ್ಷ. ಇದನ್ನು ಮನೆಮನೆಯಲ್ಲೂ ಅತ್ತೆಯವರು ಸಮರ್ಥವಾಗಿ ಮಂಡಿಸುತ್ತಿರುವುದರಿಂದ ಇಲ್ಲಿ ವಿಸ್ತರಿಸಿಲ್ಲ.

ಮೊದಲು ಹಸಿಯ ಲಕ್ಷಣ. 48 ಡಿಗ್ರಿ ಸೆಲ್ಸಿಯಸ್ ದಾಟದ್ದೆಲ್ಲ ಹಸಿ ಎಂದು ಒಂದು ಮತ. 42 ದಾಟಕೂಡದೆಂದು ಮಡಿವಂತರ ಮತ. ಎರಡನೆಯದನ್ನು ಒಪ್ಪಿದರೆ ಮೇ ತಿಂಗಳ ರಾಯಚೂರಿನಲ್ಲಿ ತಳ್ಳುಗಾಡಿಯ ಮೇಲಿನ ಟೊಮೆಟೊ ಕೊಳ್ಳುವ ಮೊದಲೇ ಬೆಂದಿರುತ್ತದೆ. ಇನ್ನು ಈ ಸೂಪ್ ಪಾಲಿಸುವ, ಪ್ರಾಣಿಜನ್ಯವನ್ನೆಲ್ಲ ತೊರೆದ ವೀಗನ್ ಎಂಬ ಪಂಥ 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಅದರ ಕಟ್ಟಳೆಯಂತೆ, ಹಸಿಯಾಗಿಯೇ ಅರೆದ ನಮ್ಮ ಒಂದೆಲಗದ ತಂಬುಳಿಗೂ ಮಜ್ಜಿಗೆಯ ದೋಷದಿಂದ ಪಂಕ್ತಿಯಲ್ಲಿ ಜಾಗವಿಲ್ಲ. ಸ್ಪೇನಿನ ಆಂದಲೂಸಿಯಾದವರು ಗಜ್ಪಾಚೊ ಎಂಬ ತಣ್ಣನೆ ಸೂಪನ್ನು ಬಹುಕಾಲದಿಂದ ಕುಡಿಯುತ್ತಿದ್ದಾರೆ, ಆದರೆ ಅವರು ಅದಕ್ಕೆ ಭಾಷ್ಯ ಬರೆಯದೆ ಸುಮ್ಮನೆ ಕುಡಿದುಬಿಟ್ಟದ್ದರಿಂದ ಪ್ರಮಾಣವಾಗಿ ಸ್ವೀಕರಿಸಲಾಗದು.

ದ್ರವ್ಯಗಳು: ಹಣ್ಣಾದ ಟೊಮೆಟೊ ಎರಡು, ಎಳೆ ಸೌತೆಕಾಯಿ ಒಂದು, ಅರ್ಧ ಕ್ಯಾರೆಟ್, ಹಿಡಿ ತೆಂಗಿನತುರಿ, ಚೂರು ಶುಂಠಿ, ಒಂದು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಲೋಟ ನೀರು. ನಿಂಬೆರಸ, ಉಪ್ಪು ಕೊನೆಗೆ. ಸೌತೆಯ ತುದಿ ಕುಯ್ದು, ಕುಯ್ದ ತುಂಡಿನಿಂದಲೇ ಗರಗರ ಉಜ್ಜಿ ಬಿಳಿ ನೊರೆ ತೆಗೆಯುವುದು ಸನಾತನ ವಿಧಿ. ಕಹಿ ಹೆಚ್ಚಾಗಿ ತೊಟ್ಟಿನ ಕಡೆಗೆ ಇರುವುದರಿಂದ ಆ ಭಾಗವನ್ನು ಒಂದಂಗುಲ ಕತ್ತರಿಸಿ, ಉಳಿದದ್ದರ ಬಿಲ್ಲೆಯೊಂದನ್ನು ತಿಂದು ನೋಡುವುದು ಇನ್ನೂ ಖಚಿತ. ಕಹಿಯಾದರೆ ಉಜ್ಜಿದ ಪುಣ್ಯ ಮಾತ್ರ ಉಳಿಯಿತೆಂದು ತಿಳಿದು ಬೇರೆ ಕಾಯಿ ಹಿಡಿಯತಕ್ಕದ್ದು.

ಈಗ ಮಿಕ್ಸಿಯ ವಿಚಾರ. 750 ವಾಟ್‌ನ ಮಿಕ್ಸಿ ಒಂದು ನಿಮಿಷ ತಿರುಗಿದರೆ 45,000 ಜೂಲ್ ಶಕ್ತಿ ಬಳಸುತ್ತದೆ. ಅಷ್ಟೂ ಅರ್ಧ ಲೀಟರ್ ರಸಕ್ಕೆ ಇಳಿದರೆ ತಾಪಮಾನ ಸುಮಾರು 21 ಡಿಗ್ರಿ ಏರಬೇಕು. ಅಂದರೆ 28 ಡಿಗ್ರಿಯ ಅಡುಗೆಮನೆಯಲ್ಲಿ ಹುಟ್ಟಿದ ಸೂಪ್ ಒಲೆಯ ಮುಖ ನೋಡದೆಯೇ 49 ಮುಟ್ಟಿ ವ್ರತಭ್ರಷ್ಟವಾಗುತ್ತದೆ! ಮೋಟಾರೇ ಬಹುಪಾಲು ನುಂಗುವುದರಿಂದ ಅಷ್ಟೇನೂ ಏರದು ಎಂದು ಭೌತಶಾಸ್ತ್ರದವರು ಆಕ್ಷೇಪಿಸಬಹುದು. ಮೋಟಾರಿನಿಂದ ಬರುವ ಕಮಟು ವಾಸನೆ ಅವರ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಆದರೂ ತಡೆತಡೆದು ತಿರುಗಿಸುವುದು ಕ್ಷೇಮ. ಒಂದು ತುಂಡು ಐಸ್ ಹಾಕುವುದು ಪ್ರಾಯಶ್ಚಿತ್ತ.

ಅತಿ ಕ್ಲಿಷ್ಟವಾದ ಅಧಿಕರಣ ಒಗ್ಗರಣೆಯದು. ಸಾಸಿವೆ ಸಿಡಿಯುವ ಹೊತ್ತಿಗೆ ಎಣ್ಣೆ ಎಲ್ಲ ಮತಗಳ ಗೆರೆಯನ್ನೂ ದಾಟಿರುತ್ತದೆ. ಬೆಂದದ್ದು ಒಗ್ಗರಣೆ, ಸೂಪ್ ಅಲ್ಲವಲ್ಲ ಎಂದು ಉದಾರವಾದಿಗಳು. ಚುರ್ ಎಂದ ಕ್ಷಣವೇ ವ್ರತಭಂಗ ಎಂದು ಕರ್ಮಠರು. ವಿಜ್ಞಾನವನ್ನು ಕೇಳೋಣವೆಂದರೆ, ಟೊಮೆಟೊದ ಲೈಕೊಪೀನ್ ಬೆಂದು ಎಣ್ಣೆ ಸೇರಿದಾಗ ಮೈಗೆ ಚೆನ್ನಾಗಿ ಹತ್ತುತ್ತದೆ, ಅದೇ ಹಣ್ಣಿನ ವಿಟಮಿನ್ ಸಿ ಬೆಂದರೆ ಕುಗ್ಗುತ್ತದೆ. ಒಂದೇ ಟೊಮೆಟೊ ಎರಡೂ ಪಕ್ಷಕ್ಕೆ ವಕಾಲತ್ತು ಹಾಕಿರುವಾಗ ತೀರ್ಪು ಕೊಡುವವರು ಯಾರು? ನನ್ನ ಪಕ್ಷಪಾತ ಒಗ್ಗರಣೆಯ ಕಡೆಗೆ. ಇಂಗಿನ ಘಮ ಮೂಗಿಗೆ ಬಡಿದ ಮೇಲೆ ಶಾಸ್ತ್ರ ನೆನಪಿರುವುದಿಲ್ಲ.

ಕೊನೆಯದು ಕಾಲನಿರ್ಣಯ. ಸೂಪು ಐದು ನಿಮಿಷದ್ದೆಂದು ಪ್ರಸಿದ್ಧಿ. ಜಾರಿನ ಬ್ಲೇಡಿನಡಿ ಸುತ್ತಿಕೊಂಡ ಕೊತ್ತಂಬರಿ ದಂಟನ್ನು ಚಮಚದ ಹಿಡಿಯಿಂದ ಮೀಟಿ ತೆಗೆಯುವ ಕಾಲವನ್ನು ಅದರೊಳಗೆ ಎಣಿಸಬೇಕೇ? ಕೂಡದು ಎಂದು ಸೂಪ್ ಮಾಡಿದವನ ಮತ. ಜಾರು ತೊಳೆದವಳ ಮತ ಲಿಖಿತರೂಪದಲ್ಲಿ ಲಭ್ಯವಿಲ್ಲ. ಪಾತ್ರೆಗಳ ಸದ್ದಿನಿಂದ ಊಹಿಸಿಕೊಳ್ಳತಕ್ಕದ್ದು.